ಕಾನು ಮತ್ತು ಕಾವ್ಯ: ಕತ್ತಲೆಕಾನಿನ ಹಿನ್ನೆಲೆಯಲ್ಲಿ ಒಂದು ಪರಾಮರ್ಶೆ

೧

ಕನ್ನಡ ವಿಮರ್ಶೆಯಲ್ಲಿ 'ಪ್ರಕೃತಿವರ್ಣನೆ' ಎಂಬ ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ಕಾದಂಬರಿಯೊಂದರಲ್ಲಿ ಮರಗಿಡಗಳು ಬಂದರೆ ವಿಮರ್ಶಕನು ಈ ಮಾತಿನ ಕೆಳಗೆ ಅವನ್ನು ಸೇರಿಸಿ, 'ಮನೋಹರವಾಗಿದೆ' ಎಂದೋ 'ದೀರ್ಘವಾಯಿತು' ಎಂದೋ ತೀರ್ಪು ಕೊಟ್ಟು ಮುಂದಿನ ಪಾತ್ರವಿಚಾರಕ್ಕೆ ಹೊರಟುಬಿಡುತ್ತಾನೆ. ಆದರೆ ಕನ್ನಡ ಭಾಷೆಯನ್ನಾಡುವ ಜನ ಇಷ್ಟು ಸುಲಭವಾಗಿ ಕಾಡಿನ ಲೆಕ್ಕವನ್ನು ಮುಗಿಸಿದವರಲ್ಲ. ಕಾಡು, ಕಾನು, ಹಾಡಿ, ಹಕ್ಕಲು, ಬೇಣ, ಸೊಪ್ಪಿನಬೆಟ್ಟ, ಕುಮರಿ - ಇವು ಒಂದೇ ವಸ್ತುವಿನ ಏಳು ಹೆಸರುಗಳಲ್ಲ. ಏಳು ಬೇರೆ ಬೇರೆ ವಸ್ತುಗಳು. ಹುಲ್ಲು ಬೆಳೆಯುವ ಬೇಣವನ್ನು ಸೊಪ್ಪಿನಬೆಟ್ಟವೆಂದು ಕರೆದರೆ ಸಿದ್ದಾಪುರದ ಅಡಿಕೆ ಬೆಳೆಗಾರನು ನಗುತ್ತಾನೆ. ಭಾಷೆಯು ಮಾಡಿದ ಈ ವಿವೇಚನೆಯನ್ನು ವಿಮರ್ಶೆಯು ಮಾಡದೆ ಹೋದದ್ದು ಏಕೆ, ಅದರಿಂದ ನಮ್ಮ ಓದಿಗೆ ಆದ ನಷ್ಟವೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ವಿಚಾರವು ಗಾಳಿಯಲ್ಲಿ ತೇಲಬಾರದೆಂದು ಒಂದು ನಿಜವಾದ ಪ್ರಾಚೀನ ವನವನ್ನು, ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಕತ್ತಲೆಕಾನನ್ನು, ಅಳತೆಗೋಲಾಗಿ ಇಟ್ಟುಕೊಂಡು ಕನ್ನಡದ ನಾಲ್ಕು ಗದ್ಯಕೃತಿಗಳನ್ನು ನೋಡಲಾಗುವುದು.

ಪುಣೆಯಲ್ಲಿ ಕುಳಿತು ಸಿದ್ದಾಪುರದ ಕಾನಿನ ಮಾತನ್ನೇಕೆ ಎತ್ತಬೇಕೆಂದು ಕೆಲವರಿಗೆ ತೋರಬಹುದು. ಬಿಬವೇವಾಡಿಯಲ್ಲಿ ಮನೆಮಾಡಿರುವ ಕನ್ನಡಿಗನಿಗೆ ಪಶ್ಚಿಮದ ಕಡೆಗಿರುವ ತಳಜಾಯಿ ಗುಡ್ಡವೇ ನಿತ್ಯದ ಅರಣ್ಯ. ಬೆಳಗಿನಲ್ಲಿ ಅಲ್ಲಿ ನವಿಲು ಕೂಗುತ್ತದೆ, ನೆರಳೂ ಉಂಟು. ಆದರೆ ಆ ನೆರಳಿನ ಬಹುಭಾಗ ಗ್ಲಿರಿಸಿಡಿಯಾ ಮರದ್ದು. ಮಧ್ಯ ಅಮೆರಿಕದಿಂದ ಬಂದ, ಮರಾಠಿಯಲ್ಲಿ 'ಗಿರಿಪುಷ್ಪ' ಎಂದು ಚೆಂದದ ಹೆಸರನ್ನು ಪಡೆದ, ಬೇಗ ಬೆಳೆದು ಬೋಳುಗುಡ್ಡವನ್ನು ಹಸುರಾಗಿಸುವ ಈ ಮರವನ್ನು ಪುಣೆಯ ಗುಡ್ಡಗಳಲ್ಲಿ ನೆಟ್ಟು ಬೆಳೆಸಿದವರು ಮನುಷ್ಯರು. ಅದು ಹಸುರು, ನಿಜ, ಆದರೆ ಕಾನಲ್ಲ. ಹಸುರೆಲ್ಲವೂ ಒಂದೇ ಎಂದು ಬಗೆಯುವ ಕಣ್ಣೂ, ವರ್ಣನೆಯೆಲ್ಲವೂ ಒಂದೇ ಎಂದು ಬಗೆಯುವ ವಿಮರ್ಶೆಯೂ ಒಂದೇ ದೋಷದ ಎರಡು ಮುಖಗಳು.

ಇನ್ನೊಂದು ಸಂಬಂಧವೂ ಉಂಟು. 'ಬಿಬ್ಬಾ' ಎಂಬುದು ಮರಾಠಿಯಲ್ಲಿ ನಮ್ಮ ಕೇರುಮರದ ಹೆಸರು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ, ಮೈಗೆ ತಗುಲಿದರೆ ಬೊಬ್ಬೆಯೇಳಿಸುವ ಕಪ್ಪು ರಸದ ಬೀಜ ಅದರದು. ಬಿಬವೇವಾಡಿ ಎಂಬ ಹೆಸರನ್ನು ಕೇಳಿದವನಿಗೆ ಆ ಮರ ನೆನಪಾಗುವುದು ಸಹಜ. ನೆನಪಾದುದೆಲ್ಲ ವ್ಯುತ್ಪತ್ತಿಯಾಗಲಾರದು, ಊರಿನ ಹೆಸರಿಗೆ ಆ ಮರವೇ ಮೂಲವೆಂದು ಇಲ್ಲಿ ವಾದಿಸುತ್ತಿಲ್ಲ. ಆದರೆ ಈ ನೆನಪು ನಮ್ಮನ್ನು ನೇರವಾಗಿ ಕತ್ತಲೆಕಾನಿಗೆ ಕರೆದೊಯ್ಯುತ್ತದೆ. ಸೆಮೆಕಾರ್ಪಸ್ ಎಂಬ ಇದೇ ಕುಲಕ್ಕೆ ಸೇರಿದ, ಅದುವರೆಗೆ ಶಾಸ್ತ್ರಕ್ಕೆ ಅಜ್ಞಾತವಾಗಿದ್ದ ಒಂದು ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ವಿದ್ವಾಂಸರು ಕತ್ತಲೆಕಾನಿನ ಜೌಗಿನಲ್ಲಿ ಗುರುತಿಸಿ, ೨೦೦೦ದಲ್ಲಿ ಅದಕ್ಕೆ 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದು ನಾಮಕರಣ ಮಾಡಿದರು. ಒಣನಾಡಿನ ಬಿಬ್ಬಾ ಮರದ ದಾಯಾದಿಯು ನೀರಿನಲ್ಲಿ ಕಾಲಿಟ್ಟು ನಿಂತಿದೆ. ಅದರ ಹೆಸರಿನಲ್ಲಿ ಕನ್ನಡದ 'ಕತ್ತಲೆ'ಯೂ 'ಕಾನೂ' ಲ್ಯಾಟಿನ್ ಪ್ರತ್ಯಯದೊಡನೆ ಕೂಡಿಕೊಂಡಿವೆ.

೨

'ಕಾನು' ಎಂಬ ಶಬ್ದ ಹಳೆಯದು. ತಮಿಳಿನಲ್ಲಿ 'ಕಾನ್', 'ಕಾನಂ' ಎಂಬ ರೂಪಗಳಿವೆ. ಸಂಸ್ಕೃತದ 'ಕಾನನ'ವು ದ್ರಾವಿಡ ಮೂಲದ್ದಾಗಿರಬೇಕೆಂದು ಹಲವರು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಆದರೆ ಸಿರ್ಸಿ, ಸಿದ್ದಾಪುರ, ಸೊರಬ, ಸಾಗರಗಳ ಸೀಮೆಯಲ್ಲಿ ಈ ಶಬ್ದಕ್ಕೆ ಸಾಮಾನ್ಯಾರ್ಥವಲ್ಲ, ವಿಶೇಷಾರ್ಥ. ಎಲೆಯುದುರಿಸುವ ಕಾಡುಗಳ ನಡುವೆ, ಊರಿನ ಮಗ್ಗುಲಲ್ಲಿ, ಸದಾ ಹಸುರಾಗಿ ದಟ್ಟವಾಗಿ ಉಳಿದುಬಂದ ವನಖಂಡವೇ ಕಾನು. ಅದಕ್ಕೆ ಕೊಡಲಿ ಹಾಕಬಾರದು, ಬೆಂಕಿ ತಗುಲಿಸಬಾರದು. ಅದರೊಳಗೆ ಒಂದು ದೇವತೆಯ ನೆಲೆ, ಒಂದು ನೀರಿನ ಸೆಲೆ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಬೈನೆಯ ಮರ. ಕಾನಸೂರು, ಕಾನಗೋಡು, ಕಾನಲೆ ಎಂಬ ಊರುಗಳ ಹೆಸರಿನಲ್ಲಿ ಈ ಶಬ್ದ ಇಂದಿಗೂ ಕುಳಿತಿದೆ. ಹೊನ್ನಾವರದ ಹತ್ತಿರದ ಕರಿಕಾನಮ್ಮನ ಗುಡಿಯ ಸುತ್ತಲಿನ ಕರಿಕಾನು ಇದೇ ಜಾತಿಯದು.

೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಆಗಿನ ಮೈಸೂರು ಸೀಮೆಗೆ ಸೇರಿದ್ದ ಸೊರಬ ತಾಲೂಕಿನ ಕಾನುಗಳ ವಿಷಯವಾಗಿ ಒಂದು ವರದಿಯನ್ನು ಬರೆದರು. ಒಂದೇ ತಾಲೂಕಿನಲ್ಲಿ ನೂರಕ್ಕೂ ಮಿಕ್ಕಿ ಕಾನುಗಳು ಆ ಲೆಕ್ಕಕ್ಕೆ ಬಂದವು. ಇತ್ತ ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿ, ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂಬಯಿಯ ಆಡಳಿತದಲ್ಲಿಯೇ ಇತ್ತು. ಹೀಗೆ ಒಂದೇ ಭಾಷೆಯ ಒಂದೇ ಕಾನು ಎರಡು ಸರಕಾರಗಳ ಕಡತಗಳಲ್ಲಿ ಹಂಚಿಹೋಯಿತು. ಸರಕಾರದ ಭಾಷೆಯಲ್ಲಿ ಇದ್ದ ವಿಭಾಗಗಳು ಮೀಸಲು ಅರಣ್ಯ, ರಕ್ಷಿತ ಅರಣ್ಯ ಇತ್ಯಾದಿ. ಕಾನು ಎಂಬುದು ಊರಿನ ಹಕ್ಕೂ ದೇವರ ಕಟ್ಟೂ ಬೆರೆತ ವ್ಯವಸ್ಥೆ. ಅದು ಆ ಚೌಕಟ್ಟಿನಲ್ಲಿ ಸರಿಯಾಗಿ ಕೂರಲಿಲ್ಲ.

ಕತ್ತಲೆಕಾನು ಇರುವುದು ಹೊನ್ನಾವರದಿಂದ ಜೋಗಕ್ಕೆ ಹೋಗುವ ದಾರಿಯಲ್ಲಿ, ಮಲೆಮನೆ ಘಟ್ಟದ ಬಳಿ. ಹೆಸರೇ ಹೇಳುವಂತೆ ಹಗಲಿನಲ್ಲಿಯೂ ಬೆಳಕು ಸೋಸಿ ಬರುವ ಎಡೆ. ಇಲ್ಲಿಯ ವೈಶಿಷ್ಟ್ಯವೆಂದರೆ ತಗ್ಗಿನಲ್ಲಿ ಹರಿಯುವ ಸಣ್ಣ ಹೊಳೆಗಳ ಪಕ್ಕದ ಜೌಗುಗಳು. ಜಾಜಿಕಾಯಿ, ರಾಮಪತ್ರೆಗಳ ಬಳಗಕ್ಕೆ ಸೇರಿದ ಮರಗಳು ಈ ಜೌಗಿನಲ್ಲಿ ಬೆಳೆಯುತ್ತವೆ. ಕೆಸರಿನಲ್ಲಿ ಉಸಿರಾಡಬೇಕಾದುದರಿಂದ ಕೆಲವು ಮರಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ನೆಲದಿಂದ ಮೇಲಕ್ಕೆದ್ದು ಮತ್ತೆ ನೆಲಕ್ಕಿಳಿಯುತ್ತವೆ. ಕೆಲವು ಕಾಂಡದಿಂದಲೇ ಊರುಗೋಲುಗಳನ್ನು ಇಳಿಬಿಡುತ್ತವೆ. ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಬಹು ಹಳೆಯ ಕೊಂಬೆಗಳಲ್ಲೊಂದು ಈ ಬಳಗ. ಇವುಗಳ ದಪ್ಪ ಬೀಜವನ್ನು ಒಣಗಿಸಿ ಕಣಜದಲ್ಲಿ ಕೂಡಿಡಲಾಗುವುದಿಲ್ಲ; ತೇವ ಆರಿದರೆ ಬೀಜ ಸತ್ತಿತು. ತಾಯಿಮರದ ಕೆಳಗಿನ ಒದ್ದೆ ನೆಲ ಉಳಿದರೆ ಮಾತ್ರ ವಂಶ ಉಳಿಯುತ್ತದೆ. ಮೇಲೆ ಹೇಳಿದ ಕೇರಿನ ದಾಯಾದಿಯಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಒಂದೆರಡು ಮರಗಳನ್ನು ಉಳಿಸಿ ರಕ್ಷಣೆಯಾಯಿತೆನ್ನುವಂತಿಲ್ಲ.

ಪ್ರಾಣಿಗಳಲ್ಲಿ ಸಿಂಗಳೀಕವು ಈ ವನದ ಮುಖ್ಯ ಕುಲ. ಪಶ್ಚಿಮ ಘಟ್ಟಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ನಿಸರ್ಗದಲ್ಲಿ ಕಾಣದ ಈ ಕೋತಿಗೆ ಇಂದಿನ ಉತ್ತರದ ಎಲ್ಲೆಯೇ ಉತ್ತರ ಕನ್ನಡ. ಅದು ನೆಲಕ್ಕಿಳಿಯುವುದು ಕಡಮೆ. ಮರದಿಂದ ಮರಕ್ಕೆ ಕೊಂಬೆಗಳ ಸೇತುವೆ ಇರಬೇಕು. ಮಂಗಟ್ಟೆ ಹಕ್ಕಿಯು ರಾಮಪತ್ರೆಯ ಹಣ್ಣನ್ನು ನುಂಗಿ ಬೀಜವನ್ನು ದೂರಕ್ಕೆ ಒಯ್ಯುತ್ತದೆ. ಮಹಾರಾಷ್ಟ್ರವು ತನ್ನ ರಾಜ್ಯಪ್ರಾಣಿಯೆಂದು ಆರಿಸಿಕೊಂಡ, ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ 'ಶೇಕರು' ಎನಿಸಿಕೊಳ್ಳುವ ಕೆಂಜಳಿಲು ಈ ಘಟ್ಟದ ಕಾಡುಗಳಿಗೂ ಸೇರಿದ್ದೇ.

ಕತ್ತಲೆಕಾನಿನ ಅತಿ ಸೋಜಿಗದ ನಿವಾಸಿಯಾದರೋ ಒಂದು ಕಪ್ಪೆ. ಗುರುರಾಜ ಮತ್ತು ಅವರ ಸಹೋದ್ಯೋಗಿಗಳು ೨೦೧೪ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದರು. ರಾತ್ರಿಯಲ್ಲಿ ಹೊಳೆಯಂಚಿನ ಕಡ್ಡಿಯ ಮೇಲೋ ಬಂಡೆಯ ಮೇಲೋ ಮೊಟ್ಟೆಗಳಿಟ್ಟಾದ ಮೇಲೆ ಗಂಡು ಕಪ್ಪೆಯು ಮುಂಗಾಲುಗಳಿಂದ ಹೊಳೆಯ ತಳದ ಮಣ್ಣನ್ನು ಬಾಚಿ ತಂದು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಮಣ್ಣಿನ ಕೆಲಸವನ್ನು ಕಂಡವರು ಅದಕ್ಕೆ 'ನಿಕ್ಟಿಬಟ್ರಾಕಸ್ ಕುಂಬಾರ' ಎಂದು ಹೆಸರಿಟ್ಟರು. ನಮ್ಮೂರಿನ ಕುಂಬಾರನು ಹೀಗೆ ಜಗತ್ತಿನ ಪ್ರಾಣಿಶಾಸ್ತ್ರದ ಕೋಶವನ್ನು ಹೊಕ್ಕನು. ವಿಮರ್ಶಕನಿಗೆ ಇಲ್ಲಿ ಒಂದು ಪಾಠವಿದೆ. ಈ ಹೆಸರು ಅಲಂಕಾರವಲ್ಲ; ಕೆಲಸವನ್ನು ನೋಡಿ ಇಟ್ಟದ್ದು. ಉಪಮೆಯು ಕಣ್ಣಿನ ನಿಷ್ಠೆಯಿಂದ ಹುಟ್ಟಿದಾಗ ಕಾವ್ಯವೂ ಶಾಸ್ತ್ರವೂ ಒಂದೇ ಶಬ್ದದಲ್ಲಿ ನೆಲಸಬಲ್ಲವು.

೩

ಇಂತಹ ವನವನ್ನು ನಮ್ಮ ಹಳೆಯ ಕಾವ್ಯವು ಹೇಗೆ ಕಂಡಿತು? ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂಬ ನಿಯಮ ಎಲ್ಲರಿಗೂ ತಿಳಿದದ್ದೇ. ದಂಡಿಯ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಅದರಲ್ಲಿ ನಗರವುಂಟು, ಸಮುದ್ರವುಂಟು, ಶೈಲವುಂಟು, ಉದ್ಯಾನವುಂಟು. ಅರಣ್ಯಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಮರಗಿಡಗಳು ಮನುಷ್ಯನ ವಿಹಾರಕ್ಕೆ ಒದಗಿದಾಗ ಮಾತ್ರ ಅವು ವರ್ಣನೆಗೆ ಯೋಗ್ಯವಾದವು. ಕನ್ನಡ ಕವಿಗಳು ಈ ಕೊರತೆಯನ್ನು ಬೇಟೆಯ ಪ್ರಸಂಗಗಳಿಂದ ಒಂದಿಷ್ಟು ತುಂಬಿಕೊಂಡರು. ರಾಘವಾಂಕನ ಹರಿಶ್ಚಂದ್ರನು ಬೇಟೆಗೆ ಹೊರಟಾಗ ಕಾಡು ಸದ್ದು ಮಾಡುತ್ತದೆ. ಆದರೂ ಅದು ಬೇಟೆಗಾರನ ಕಾಡು.

ಪಂಪನ ಬನವಾಸಿಯ ವಿಷಯ ಇಲ್ಲಿ ಅನಿವಾರ್ಯವಾಗಿ ಬರುತ್ತದೆ. ೯೪೧ರ ಸುಮಾರಿಗೆ ಮುಗಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ಆ ನಾಡನ್ನು ನೆನೆದು ಕವಿ ಮರುಗುವ ಭಾಗವನ್ನು ಹೊರನಾಡ ಕನ್ನಡಿಗರಷ್ಟು ಬಾರಿ ನೆನೆದವರು ಇನ್ನಾರೂ ಇರಲಾರರು. ನಮ್ಮ ಸಭೆಗಳಲ್ಲಿ ಅದು ಪ್ರಾರ್ಥನೆಯ ಸ್ಥಾನವನ್ನು ಪಡೆದಿದೆ. ಆದರೆ ಅಲ್ಲಿ ಕವಿ ಮರುಜನ್ಮವನ್ನು ಹಾರೈಸುವುದು ನಂದನವನದಲ್ಲಿ. ಬನವಾಸಿಯು ಸಿರ್ಸಿ, ಸೊರಬಗಳ ನಡುವಣ ಊರು. ಅದರ ಸುತ್ತಲಿನ ನಾಡೇ ಕಾನುಗಳ ನಾಡು. ಪಂಪನ ಹಂಬಲ ಆ ಕಾನಿನ ಹೊಸ್ತಿಲಲ್ಲಿರುವ ಉಪವನದಲ್ಲಿ ನಿಲ್ಲುತ್ತದೆ, ಒಳಹೊಗುವುದಿಲ್ಲ. ಇದನ್ನು ದೋಷವೆಂದು ಎಣಿಸುವುದು ಅವಿವೇಕ. ಕವಿಯು ತನ್ನ ಕಾಲದ ಕಾವ್ಯಧರ್ಮವನ್ನು ಪಾಲಿಸಿ, ಅದನ್ನು ಮೀರಿದ ಆರ್ದ್ರತೆಯನ್ನು ಸಾಧಿಸಿದನು. ಆದರೆ ಆ ಉಪವನವನ್ನೇ ನಾಡಿನ ಅರಣ್ಯವೆಂದು ನಾವು ಬಗೆದರೆ ದೋಷ ನಮ್ಮದು.

೪

ಕಾನಿನ ಒಳಗಿನ ಬಾಳು ಕನ್ನಡಕ್ಕೆ ಬಂದದ್ದು ಆಧುನಿಕ ಗದ್ಯದಲ್ಲಿ. ಶಿವರಾಮ ಕಾರಂತರ 'ಬೆಟ್ಟದ ಜೀವ' (೧೯೪೩) ಮೊದಲು ನೋಡಬೇಕಾದ ಕೃತಿ. ಸುಬ್ರಹ್ಮಣ್ಯದ ಕಡೆಯ ಮಲೆಯಲ್ಲಿ ಗೋಪಾಲಯ್ಯನು ಕಾಡನ್ನು ಕಡಿದು, ಕಣಿವೆಯ ತಗ್ಗಿನಲ್ಲಿ ನೀರು ಹಾಯಿಸಿ ಅಡಿಕೆ ತೋಟವನ್ನು ಎಬ್ಬಿಸುತ್ತಾನೆ. ಕಾಟುಮೂಲೆಯ ಸಾಹಸವನ್ನು ಓದಿದವರಾರೂ ಮರೆಯರು. ಕನ್ನಡದಲ್ಲಿ ದೈಹಿಕ ದುಡಿಮೆಗೆ ಇಷ್ಟು ಗೌರವವನ್ನು ತಂದ ಪಾತ್ರ ವಿರಳ. ಆದರೆ ಕತ್ತಲೆಕಾನಿನ ಜೌಗನ್ನು ಮನಸ್ಸಿನಲ್ಲಿಟ್ಟು ಓದಿದರೆ ಈ ಕಾದಂಬರಿಯ ಓದು ಬದಲಾಗುತ್ತದೆ. ರಾಮಪತ್ರೆಯ ಜೌಗುಗಳು ಇಂದು ತೀರ ವಿರಳವಾಗಿರುವುದಕ್ಕೆ ಒಂದು ಮುಖ್ಯ ಕಾರಣ, ನೀರಿರುವ ಅದೇ ಕಣಿವೆಯ ತಗ್ಗು ಅಡಿಕೆಗೂ ಭತ್ತಕ್ಕೂ ಒದಗುವುದು. ಗೋಪಾಲಯ್ಯನಂತಹ ಸಾವಿರಾರು ಧೀರರು ತಲೆಮಾರುಗಳುದ್ದಕ್ಕೂ ಕಟ್ಟಿದ ತೋಟಗಳು ನಿಂತಿರುವುದು ಇಂತಹ ನೆಲದ ಮೇಲೆ.

ಹಾಗಾದರೆ ಕಾರಂತರ ನಾಯಕನು ಅಪರಾಧಿಯೆ? ಇಂದಿನ ಕೆಲವು ಓದುಗರು ಅವಸರದಿಂದ ಹೌದೆನ್ನಬಹುದು. ಅದು ಸಲ್ಲದು. ಕಾದಂಬರಿಯ ಬಲವಿರುವುದೇ ಅದು ಕಾಡನ್ನು ಅಪ್ಪಟ ಎದುರಾಳಿಯನ್ನಾಗಿ, ಸೋಲಿಸಬಹುದಾದರೂ ಗೌರವಿಸಬೇಕಾದ ಎದುರಾಳಿಯನ್ನಾಗಿ ಕಾಣುವುದರಲ್ಲಿ. ಹುಲಿಯೂ ಆನೆಯೂ ತೋಟಕ್ಕೆ ಬರುವುವು. ಅಂದರೆ ಕಾಡು ತನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಮನೆ ಬಿಟ್ಟುಹೋದ ಮಗನಿಗಾಗಿ ವೃದ್ಧ ದಂಪತಿಗಳು ಕಾಯುವ ವ್ಯಥೆಯನ್ನು ಕಾರಂತರು ಈ ವಿಜಯದ ಪಕ್ಕದಲ್ಲಿಟ್ಟಿದ್ದಾರೆ: ಗೆದ್ದ ನೆಲಕ್ಕೆ ವಾರಸುದಾರನಿಲ್ಲ. ಊರು ಬಿಟ್ಟು ಬಂದ ನಮಗೆ, ಆ ಕಾಣದ ಮಗನ ಸ್ಥಾನದಲ್ಲಿರುವ ಪುಣೆಯ ಓದುಗರಿಗೆ, ಈ ಮಾತು ಬೇರೆಯವರಿಗಿಂತ ಹತ್ತಿರದ್ದು. ಕಾದಂಬರಿಯ ಮಿತಿ ಬೇರೆ ಕಡೆಯಿದೆ. ತೋಟಕ್ಕೆ ಬೇಕಾದ ನೀರನ್ನು ಮೇಲಿನ ಕಾಡೇ ಹಿಡಿದಿಟ್ಟು ಕೊಡುತ್ತದೆ, ಸೊಪ್ಪನ್ನೂ ಅದೇ ಕೊಡುತ್ತದೆ. ಈ ಸಾಲವು ಕಥೆಯ ಲೆಕ್ಕಕ್ಕೆ ಬರುವುದು ಅಲ್ಪ. ಹೋರಾಟದ ಚಿತ್ರ ಎದ್ದು ನಿಂತು ಒಪ್ಪಂದದ ಚಿತ್ರ ಮಸಕಾಯಿತು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (೧೯೬೭) ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದ ದೃಷ್ಟಿಯ ಕೃತಿ. ಇಲ್ಲಿ ಕಾಡು ಎದುರಾಳಿಯಲ್ಲ, ಆವರಣ. ನಾಯಿ ಹುಲಿಯನನ್ನು ಕಟ್ಟಿಕೊಂಡು ಗುತ್ತಿಯು ಕಾಡುದಾರಿಯನ್ನು ಹಿಡಿದಾಗ ಓದುಗನು ಕಾಡನ್ನು ನೋಡುವುದಿಲ್ಲ, ಅದರಲ್ಲಿ ನಡೆಯುತ್ತಾನೆ. ದೂರವನ್ನು ಹಳ್ಳಗಳಿಂದ, ಹೊತ್ತನ್ನು ಹಕ್ಕಿಗಳ ಕೂಗಿನಿಂದ, ಮಳೆಯನ್ನು ಇಂಬಳಗಳಿಂದ ಅಳೆಯುವ ಜನ ಇಲ್ಲಿದ್ದಾರೆ. ಯಾವ ಪಾತ್ರವೂ ಕಾಡಿನ ಹೊರಗೆ ನಿಂತು ಅದನ್ನು ವರ್ಣಿಸುವುದಿಲ್ಲ. ವರ್ಣನೆಯೆಲ್ಲ ಕಥೆ ಹೇಳುವವನದು. ಈ ವ್ಯತ್ಯಾಸವನ್ನು ನಮ್ಮ ವಿಮರ್ಶೆ ಸಾಕಷ್ಟು ಗಮನಿಸಿಲ್ಲ. ಕಥೆ ಹೇಳುವವನು ಕಾಡನ್ನು ದರ್ಶನಕ್ಕೆ ಏರಿಸಿದಾಗ ಅದು ಒಂದು ಅಖಂಡ 'ಮಲೆ'ಯಾಗುತ್ತದೆ; ಪಾತ್ರಗಳು ಅದರಲ್ಲಿ ಕೆಲಸಮಾಡುವಾಗ ಅದು ಮತ್ತೆ ಗುಡ್ಡ, ಹಾಡ್ಯ, ಹಕ್ಕಲುಗಳಾಗಿ ಬಿಡಿಬಿಡಿಯಾಗುತ್ತದೆ. ಕೃತಿಯ ಜೀವವು ಎರಡನೆಯದರಲ್ಲಿ ಹೆಚ್ಚಾಗಿದೆ ಎಂಬುದು ನಮ್ಮ ನಿರ್ಣಯ. ಕಾದಂಬರಿಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ. ಬ್ರಾಂಡಿಸ್ ಮತ್ತು ಗ್ರಾಂಟರು ಸೊರಬದ ಕಾನುಗಳನ್ನು ಎಣಿಸಿ ಇಪ್ಪತ್ತೈದು ವರ್ಷಗಳಾದ ಸಮಯ. ಹೊರಗಿನವರು ಎಣಿಸಿದುದನ್ನು ಒಳಗಿನವರು ಹೇಗೆ ಬಾಳಿದರೆಂಬುದಕ್ಕೆ ಈ ಕೃತಿಗಿಂತ ದೊಡ್ಡ ಸಾಕ್ಷಿ ಕನ್ನಡದಲ್ಲಿ ಇಲ್ಲ.

೫

ಮುಂದಿನ ಎರಡು ಕೃತಿಗಳು ಅನ್ವೇಷಣೆಯವು. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಕರ್ತೃವು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅಂದರೆ ಹೊರನಾಡ ಕನ್ನಡಿಗರು. ಹೂಬಿಡುವ ಸಸ್ಯಗಳಲ್ಲಿ ಪ್ರಾಚೀನ ಲಕ್ಷಣವುಳ್ಳವುಗಳ ಅಧ್ಯಯನದಲ್ಲಿ ಹೆಸರುಗಳಿಸಿದವರು. ವಿದ್ಯಾರ್ಥಿಗಳನ್ನು ಕರೆದುಕೊಂಡು ಘಟ್ಟದ ಕಾಡುಗಳಲ್ಲಿ ಮಾಡಿದ ಸಂಚಾರವನ್ನು ಅವರು ನಗುನಗುತ್ತ ಹೇಳುತ್ತಾರೆ. ಆ ನಗೆಯ ನಡುವೆ ಒಂದೊಂದು ಗಿಡವೂ ತನ್ನ ಹೆಸರು, ಕುಲ, ಉಪಯೋಗ, ಕಥೆಗಳೊಡನೆ ಎದುರಿಗೆ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಮರಕ್ಕೆ ವ್ಯಕ್ತಿತ್ವ ಬಂದದ್ದು ಈ ಪುಸ್ತಕದಿಂದ. 'ಒಂದು ಮರ' ಎಂಬ ಸೋಮಾರಿ ಮಾತನ್ನು ಇದನ್ನು ಓದಿದ ಮೇಲೆ ಬರೆಯಲು ಲೇಖಕನಿಗೆ ಸಂಕೋಚವಾಗಬೇಕು. ಆದರೆ ಸ್ವಾಮಿಯವರ ಕ್ರಮದಲ್ಲಿ ಗಿಡಗಳು ಒಂದರ ಹಿಂದೊಂದಾಗಿ ಬರುತ್ತವೆ. ಅವು ಪರಸ್ಪರ ಹೇಗೆ ಬಾಳುತ್ತವೆ, ಹಣ್ಣಿಗೂ ಹಕ್ಕಿಗೂ ಜೌಗಿಗೂ ಇರುವ ಕೊಡುಕೊಳ್ಳುವಿಕೆ ಏನು ಎಂಬುದು ಅಷ್ಟಾಗಿ ಮುಂದೆ ಬರುವುದಿಲ್ಲ. ವ್ಯಕ್ತಿಗಳ ಪರಿಚಯವಾಯಿತು, ಊರಿನ ಪರಿಚಯ ಉಳಿಯಿತು.

ಆ ಉಳಿದ ಕೆಲಸಕ್ಕೆ ಕೈಹಾಕಿದ್ದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (೧೯೮೦). ಹಾರುವ ಓತಿಯೊಂದನ್ನು ಹುಡುಕಿಕೊಂಡು ವಿಜ್ಞಾನಿ ಕರ್ವಾಲೊ, ಹಳ್ಳಿಯ ಮಂದಣ್ಣ, ಕೃಷಿಕನಾದ ನಿರೂಪಕ ಮೊದಲಾದವರು ಕಾಡು ಹೊಗುತ್ತಾರೆ. ಮಂದಣ್ಣನಿಗೆ ಕಣ್ಣುಂಟು, ಅದರ ಬೆಲೆ ಅವನಿಗೆ ತಿಳಿಯದು. ಕರ್ವಾಲೊಗೆ ಬೆಲೆ ತಿಳಿದಿದೆ, ಆದರೆ ಮಂದಣ್ಣನ ಕಣ್ಣಿಲ್ಲದೆ ಅವರು ಕುರುಡರು. ಊರಿನ ಅರಿವಿಗೂ ಶಾಸ್ತ್ರದ ಅರಿವಿಗೂ ಇರುವ ಈ ಪರಸ್ಪರ ಋಣವನ್ನು ಇಷ್ಟು ಲೀಲೆಯಿಂದ ತೋರಿಸಿದ ಮತ್ತೊಂದು ಕಾದಂಬರಿ ನಮ್ಮಲ್ಲಿಲ್ಲ. ಕೈಗೆ ಸಿಕ್ಕಂತಾದ ಓತಿ ಕೊನೆಗೆ ಕಮರಿಯ ಕಡೆಗೆ ತೇಲಿಹೋಗುವುದು ಕೃತಿಯ ಉಚಿತವಾದ ಮುಕ್ತಾಯ.

ಆದರೂ ಒಂದು ಆಕ್ಷೇಪವನ್ನು ಇಲ್ಲಿ ಎತ್ತಬೇಕಾಗಿದೆ. ಕಾದಂಬರಿಯು ತನ್ನ ವಿಸ್ಮಯವನ್ನೆಲ್ಲ ಓತಿಯ ಅಪೂರ್ವತೆಯ ಮೇಲೆ ನಿಲ್ಲಿಸುತ್ತದೆ. ನಿಜಲೋಕದಲ್ಲಿ ಘಟ್ಟದ ಹಾರುವ ಓತಿಯು ಅಷ್ಟೊಂದು ದುರ್ಲಭವಲ್ಲ. ಅಡಿಕೆಯ ತೋಟಗಳಲ್ಲಿಯೂ ಅದು ಮರದಿಂದ ಮರಕ್ಕೆ ತೇಲುತ್ತದೆ. ಕಾದಂಬರಿಕಾರನಿಗೆ ಕಲ್ಪನೆಯ ಸ್ವಾತಂತ್ರ್ಯವುಂಟು ಎಂಬುದನ್ನು ಒಪ್ಪಿಯೂ ಹೇಳಬೇಕಾದ ಮಾತೆಂದರೆ, ಅಪೂರ್ವವಾದುದಕ್ಕೆ ಬೆರಗಾಗುವುದು ಸುಲಭ. ನಿತ್ಯ ಕಾಣುವುದಕ್ಕೆ ಬೆರಗಾಗುವುದು ಕಷ್ಟ. ಕುಂಬಾರ ಕಪ್ಪೆಯ ಸಂಗತಿಯನ್ನೇ ನೋಡಿರಿ. ಅದು ದುರ್ಗಮವಾದ ಕಮರಿಯಲ್ಲಿ ಅಡಗಿರಲಿಲ್ಲ. ವಾಹನಗಳು ಓಡಾಡುವ ಹೆದ್ದಾರಿ ಹಾದುಹೋಗುವ ಕಾನಿನ ತೊರೆಯಲ್ಲಿಯೇ ಮೊಟ್ಟೆಗೆ ಮಣ್ಣು ಮೆತ್ತುತ್ತಿತ್ತು. ೨೦೧೪ರವರೆಗೆ ಅದು ಶಾಸ್ತ್ರಕ್ಕೆ ಕಾಣದೆ ಉಳಿದದ್ದು ತನ್ನ ವಿರಳತೆಯಿಂದಲ್ಲ. ರಾತ್ರಿ ತೊರೆಯ ಪಕ್ಕದಲ್ಲಿ ತಾಳ್ಮೆಯಿಂದ ಕುಳಿತವರು ಇರಲಿಲ್ಲವಾದುದರಿಂದ. ತೇಜಸ್ವಿಯವರೂ ಮುಂದೆ 'ಪರಿಸರದ ಕಥೆ' (೧೯೯೧) ಮೊದಲಾದ ಬರಹಗಳಲ್ಲಿ ಅಪೂರ್ವದಿಂದ ನಿತ್ಯದ ಕಡೆಗೆ ಬಂದರು. ಈ ಚಲನೆಯನ್ನು ಅವರ ಸಾಹಿತ್ಯದ ಬೆಳವಣಿಗೆಯೆಂದು ಎಣಿಸಬೇಕು.

೬

ಮರಾಠಿಯ ನೆರೆಯಲ್ಲಿ ಬಾಳುವ ನಮಗೆ ತೌಲನಿಕ ದೃಷ್ಟಿ ಸುಲಭಸಾಧ್ಯ. ದುರ್ಗಾ ಭಾಗವತರ 'ಋತುಚಕ್ರ' (೧೯೫೬) ತಿಂಗಳು ತಿಂಗಳಿಗೆ ಬದಲಾಗುವ ನಿಸರ್ಗವನ್ನು ಲಲಿತಪ್ರಬಂಧಕ್ಕೆ ತಂದಿತು. ವ್ಯಂಕಟೇಶ ಮಾಡಗೂಳಕರರ 'ಸತ್ತಾಂತರ' ಮುಸುವಗಳ ಗುಂಪಿನ ಅಧಿಕಾರ ಪಲ್ಲಟವನ್ನೇ ವಸ್ತುವಾಗಿ ಉಳ್ಳದ್ದು. ೧೯೮೩ರಲ್ಲಿ ಅದಕ್ಕೆ ಅಕಾಡೆಮಿಯ ಪ್ರಶಸ್ತಿ ಬಂದಿತು. ಪ್ರಾಣಿಯನ್ನು ನೀತಿಕಥೆಯ ವೇಷದಿಂದ ಬಿಡಿಸಿ ಪ್ರಾಣಿಯಾಗಿಯೇ ನೋಡುವ ಧೈರ್ಯ ಅದರಲ್ಲಿದೆ. ಕಾನಿಗೆ ಸಮಾನವಾದ ಕಲ್ಪನೆಯೂ ಮರಾಠಿಯಲ್ಲಿದೆ: ದೇವರ ಹೆಸರಿನಲ್ಲಿ ಉಳಿದ 'ದೇವರಾಈ'. ಪುಣೆಯ ವಿದ್ವಾಂಸರಾದ ವಾ. ದ. ವರ್ತಕರೂ ಮಾಧವ ಗಾಡಗೀಳರೂ ೧೯೭೦ರ ದಶಕದಲ್ಲಿ ಸಹ್ಯಾದ್ರಿಯ ಇಂತಹ ದೇವರಾಈಗಳನ್ನು ಅಭ್ಯಸಿಸಿ ಬರೆದ ಪ್ರಬಂಧಗಳು ಈ ಕ್ಷೇತ್ರಕ್ಕೆ ಅಡಿಗಲ್ಲುಗಳು. ೧೯೪೨ರಲ್ಲಿ ಪುಣೆಯಲ್ಲಿ ಹುಟ್ಟಿದ ಗಾಡಗೀಳರು ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದು, ಸುಭಾಷಚಂದ್ರನ್ ಅವರೊಡನೆ ಉತ್ತರ ಕನ್ನಡದ ಕಾನುಗಳನ್ನೂ ಅಭ್ಯಾಸಕ್ಕೆ ಎತ್ತಿಕೊಂಡರು. 'ರಾಈ'ಗೂ 'ಕಾನಿ'ಗೂ ನಡುವಣ ಸೇತುವೆಯನ್ನು ಶಾಸ್ತ್ರ ಕಟ್ಟಿದೆ; ಸಾಹಿತ್ಯವಿಮರ್ಶೆ ಇನ್ನೂ ಕಟ್ಟಿಲ್ಲ.

ಈ ಅಧ್ಯಯನಗಳಿಂದ ವಿಮರ್ಶಕನು ಕಲಿಯಬೇಕಾದ ಮುಖ್ಯ ವಿಷಯ ಒಂದು. ಪ್ರಾಚೀನ ವನವೆಂದರೆ ಮನುಷ್ಯನ ಕೈ ತಾಗದ ವನವೆಂಬುದು ಭ್ರಮೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು 'ಮೆಣಸಿನ ರಾಣಿ' ಎಂದು ಕರೆದರು. ಕಡಲು ದಾಟಿದ ಆ ಮೆಣಸು ಬೆಳೆದದ್ದು ಈ ಘಟ್ಟದ ಕಾನು ಕಣಿವೆಗಳಲ್ಲಿ. ಜನ ಅದನ್ನು ಬಳಸಿದರು, ಬಳಸುತ್ತಲೇ ಉಳಿಸಿದರು. ಕಾಡನ್ನು ಋಷ್ಯಾಶ್ರಮವೆಂದು ಪೂಜಿಸುವ ಬರಹವೂ, ಕತ್ತಲೆಯ ರಾಕ್ಷಸನೆಂದು ಹೆದರಿಸುವ ಬರಹವೂ ಈ ಒಪ್ಪಂದದ ಸತ್ಯವನ್ನು ಮುಟ್ಟಲಾರವು.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. 'ಸಾಹಿತ್ಯವು ಸಸ್ಯಶಾಸ್ತ್ರವಲ್ಲ, ಕವಿಯು ಮರದ ಲ್ಯಾಟಿನ್ ಹೆಸರನ್ನು ಹೇಳದಿದ್ದರೆ ರಸಕ್ಕೆ ಭಂಗವಿಲ್ಲ' ಎಂಬುದು ಅದು. ನಿಜ. ನಾವು ಕೇಳುತ್ತಿರುವುದು ಲ್ಯಾಟಿನ್ ಹೆಸರನ್ನಲ್ಲ. ಕುವೆಂಪು ಅವರ ಗುತ್ತಿಗೆ ಯಾವ ಶಾಸ್ತ್ರವೂ ಗೊತ್ತಿಲ್ಲ; ಆದರೂ ಅವನು ನಡೆದ ಕಾಡು ಇನ್ನೊಂದು ಕಾಡಾಗಲು ಸಾಧ್ಯವಿಲ್ಲ. ಪಾತ್ರಗಳೆಲ್ಲ ಒಂದೇ ದನಿಯಲ್ಲಿ ಮಾತಾಡಿದರೆ ನಾವು ಕಾದಂಬರಿಕಾರನನ್ನು ಕ್ಷಮಿಸುವುದಿಲ್ಲ. ಮರಗಳೆಲ್ಲ ಒಂದೇ ರೀತಿ ನಿಂತರೆ ಮಾತ್ರ ಕ್ಷಮಿಸುತ್ತೇವೆ. ಔಚಿತ್ಯವೇ ಕಾವ್ಯದ ಜೀವವೆಂದ ಕ್ಷೇಮೇಂದ್ರನ ಮಾತು ದೇಶಕ್ಕೂ ಕಾಲಕ್ಕೂ ಅನ್ವಯಿಸುವುದಾದರೆ ಕಾಡಿಗೇಕೆ ಅನ್ವಯಿಸಬಾರದು? ಈ ಕಾಡು ಹಳೆಯದೊ ಹೊಸದೊ, ಇದರ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಇದರಿಂದ ಯಾರು ಬದುಕುತ್ತಾರೆ - ಈ ಮೂರು ಪ್ರಶ್ನೆಗಳಿಗೆ ಕೃತಿಯೊಳಗೇ ಉತ್ತರ ಸಿಗುವಂತಿದ್ದರೆ ಅದು ಕಾಡಿನ ಸಾಹಿತ್ಯ. ಇಲ್ಲದಿದ್ದರೆ ಉದ್ಯಾನದ ಸಾಹಿತ್ಯ.

೭

ಈ ವಿಚಾರ ಕೇವಲ ಓದುಕೋಣೆಯದಲ್ಲ. ೧೯೮೩ರ ಸೆಪ್ಟೆಂಬರಿನಲ್ಲಿ ಸಿರ್ಸಿ ತಾಲೂಕಿನ ಸಾಲ್ಕಣಿಯ ಜನ ಕಡಿಯಲು ಗುರುತಿಸಿದ ಮರಗಳನ್ನು ಅಪ್ಪಿಕೊಂಡು ನಿಂತರು. 'ಅಪ್ಪಿಕೊ' ಎಂಬ ಕನ್ನಡ ಕ್ರಿಯಾಪದ ಒಂದು ಚಳವಳಿಯ ಹೆಸರಾಯಿತು. ೨೦೧೧ರಲ್ಲಿ ಸುಮಾರು ೩೦೦ ಚದರ ಕಿಲೋಮೀಟರುಗಳ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಿತವಾಯಿತು. ೨೦೧೯ರಲ್ಲಿ ಅದನ್ನೂ ೧೯೭೨ರಷ್ಟು ಹಿಂದಿನ ಶರಾವತಿ ಕಣಿವೆಯ ಅಭಯಾರಣ್ಯವನ್ನೂ ಇತರ ಅರಣ್ಯಭಾಗಗಳನ್ನೂ ಕೂಡಿಸಿ ಸುಮಾರು ೯೩೦ ಚದರ ಕಿಲೋಮೀಟರುಗಳ ಸಿಂಗಳೀಕ ಅಭಯಾರಣ್ಯವನ್ನು ರಚಿಸಲಾಯಿತು. ಇದೇ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆತ್ತಿ ಕೆಳಕ್ಕೆ ಬಿಟ್ಟು ೨೦೦೦ ಮೆಗಾವಾಟ್ ವಿದ್ಯುತ್ತನ್ನು ಪಡೆಯುವ ಯೋಜನೆಯೊಂದನ್ನು ರೂಪಿಸಲಾಗಿದೆ. ಅದಕ್ಕೆ ಬೇಕಾದ ನೆಲದಲ್ಲಿ ಅಭಯಾರಣ್ಯದ ನೆಲವೂ ಸೇರಿದೆ. ವಿದ್ಯುತ್ತು ಬೇಡವೆನ್ನುವ ಅಧಿಕಾರ ಪುಣೆಯ ದೀಪದ ಕೆಳಗೆ ಕುಳಿತು ಬರೆಯುವವನಿಗೆ ಇಲ್ಲ. ಆದರೆ ಕಡಿದ ಕಾಡಿಗೆ ಬದಲಾಗಿ ಬೇರೆಲ್ಲಿಯೋ ಗಿಡಗಳನ್ನು ನೆಟ್ಟರೆ ಲೆಕ್ಕ ಸರಿಹೋಯಿತೆಂಬ ವಾದವು ಬಂದಾಗ, ಅದು ಕಾನನ್ನೂ ಗಿರಿಪುಷ್ಪದ ತೋಪನ್ನೂ ಒಂದೇ ಎಂದು ಬಗೆಯುವ ವಾದವೆಂದು ಹೇಳುವ ಹೊಣೆ ಶಬ್ದಾರ್ಥಗಳನ್ನು ಕಾಯುವವರಿಗೆ ಉಂಟು. ಒಣಗಿದರೆ ಸಾಯುವ ಬೀಜದ ಕುಲವನ್ನು ಇನ್ನೊಂದು ಗುಡ್ಡದಲ್ಲಿ ಗುಂಡಿ ತೋಡಿ ಹುಟ್ಟಿಸಲು ಬರುವುದಿಲ್ಲ.

ವಸ್ತು ಹೋದ ಮೇಲೆ ಶಬ್ದವು ಕೆಲಕಾಲ ಉಳಿದು, ಅರ್ಥ ಸವೆದು, ಕೊನೆಗೆ ಕೋಶದಲ್ಲಿ ಮಲಗುತ್ತದೆ. ಶಬ್ದವು ಹೋದರೆ ವಸ್ತುವನ್ನು ಕಳೆದುಕೊಂಡೆವೆಂಬ ಅರಿವೂ ಹೋಗುತ್ತದೆ. ಊರು ಬಿಟ್ಟವರಲ್ಲಿ ಶಬ್ದಗಳು ಹಳೆಯ ರೂಪದಲ್ಲಿಯೇ ಉಳಿಯುವುದುಂಟು. ನಾಡಿನಲ್ಲಿ ಮಾತು ಬದಲಾಗುತ್ತ ಹೋದರೂ ವಲಸೆಬಂದವನ ಮನೆಯಲ್ಲಿ ಅಜ್ಜಿಯ ಮಾತು ಇದ್ದಂತೆಯೇ ಇರುತ್ತದೆ. ಪುಣೆಯ ಕನ್ನಡ ಮನೆಗಳಲ್ಲಿ ಸಿರ್ಸಿ, ಸಿದ್ದಾಪುರ, ಯಲ್ಲಾಪುರ, ಸೊರಬ, ಸಾಗರಗಳಿಂದ ಬಂದ ಹಿರಿಯರಿದ್ದಾರೆ. ಅವರು ಬಲ್ಲ ಕಾಡಿನ ಪದಗಳನ್ನು - ಮರಗಳ, ಬಳ್ಳಿಗಳ, ಹಕ್ಕಿಗಳ, ನೆಲದ ಬಗೆಗಳ, ನೀರಿನ ಬಗೆಗಳ ಹೆಸರುಗಳನ್ನು - ಊರು, ಅರ್ಥ, ಬಳಕೆಯ ವಾಕ್ಯಗಳೊಡನೆ ಬರೆದಿಡುವ ಕೆಲಸವನ್ನು ಒಂದು ಸಂಘವು ತನ್ನ ಸದಸ್ಯರ ನೆರವಿನಿಂದಲೇ ಮಾಡಬಹುದಾಗಿದೆ. ಪಕ್ಕದಲ್ಲಿ ಅದರ ಮರಾಠಿ ಹೆಸರನ್ನೂ ಬರೆದರೆ ಕೇರು ಮತ್ತು ಬಿಬ್ಬಾ, ಕೆಂಜಳಿಲು ಮತ್ತು ಶೇಕರು, ಕಾನು ಮತ್ತು ರಾಈ ಒಂದೇ ಪುಟದಲ್ಲಿ ಎದುರುಬದುರಾಗಿ ನಿಲ್ಲುವುವು. ಅಂತಹ ಪದಸಂಗ್ರಹವು ಕೈಯಲ್ಲಿದ್ದರೆ 'ಬೆಟ್ಟದ ಜೀವ'ವನ್ನೂ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನೂ ನಮ್ಮ ಮಕ್ಕಳು ಓದುವಾಗ ಕಾಡಿನ ಪುಟಗಳನ್ನು ಹಾರಿಸಿ ಮುಂದೆ ಹೋಗಲಾರರು.